ಮಿದುಳಿಗೂ ಬೇಕು ಹೊಸ ದಾರಿ

ನಡೆದು ಸವೆದ ದಾರಿಯಲ್ಲಿ ಕಾಲುಗಳಿಗೆ ಕಣ್ಣಿನ ನೆರವು ಬೇಕಾಗುವುದಿಲ್ಲ. ನಮ್ಮ ದಿನಚರಿಯೂ ಹಾಗೆಯೇ ಅಲ್ಲವೇ? ಅದೇ ಅಡುಗೆ, ಅದೇ ಅಂಗಡಿ, ಸಂಜೆಯಾದರೆ ಅದೇ ಧಾರಾವಾಹಿ. ರೂಢಿಯಿಂದ ಶ್ರಮ ಉಳಿಯುತ್ತದೆ, ನಿಜ. ಆದರೆ ರೂಢಿಯೊಂದೇ ಉಳಿದಾಗ ಮನಸ್ಸು ತೂಕಡಿಸತೊಡಗುತ್ತದೆ.

ವಿಜ್ಞಾನಿಗಳು ಕಂಡುಕೊಂಡುದನ್ನು ಒಮ್ಮೆ ಗಮನಿಸಿ. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮರಿಯನ್ ಡೈಮಂಡ್ ಮತ್ತು ಅವರ ಸಂಗಡಿಗರು ಕೆಲವು ಇಲಿಗಳನ್ನು ಬರಿದಾದ ಗೂಡಿನಲ್ಲಿ ಒಂಟಿಯಾಗಿಯೂ, ಇನ್ನು ಕೆಲವನ್ನು ಜೊತೆಗಾರರೊಂದಿಗೆ ಬಗೆಬಗೆಯ ಆಟಿಕೆಗಳ ನಡುವೆಯೂ ಇರಿಸಿ ನೋಡಿದರು. ಆಟಿಕೆಗಳ ನಡುವೆ ಬೆಳೆದ ಇಲಿಗಳ ಮಿದುಳಿನ ಹೊರಪದರ ಹೆಚ್ಚು ದಪ್ಪವಾಗಿತ್ತು. ಮನುಷ್ಯರಲ್ಲೂ ಅಷ್ಟೇ. ಲಂಡನ್ನಿನಲ್ಲಿ ಟ್ಯಾಕ್ಸಿ ಓಡಿಸುವ ಪರವಾನಗಿಗಾಗಿ ಸಾವಿರಾರು ಬೀದಿಗಳನ್ನು ಕಲಿತು ತೇರ್ಗಡೆಯಾದವರಲ್ಲಿ, ನೆನಪಿಗೆ ಆಧಾರವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಬೆಳೆದಿದ್ದುದು 2011ರ ಅಧ್ಯಯನದಲ್ಲಿ ಕಂಡುಬಂದಿತು. ಹೊಸದನ್ನು ಕಂಡು ನಲಿದಾಗ ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ ಸ್ರವಿಸಿ, ಆ ಅನುಭವ ನೆನಪಿನಲ್ಲಿ ನೆಲೆಗೊಳ್ಳಲು ನೆರವಾಗುತ್ತದೆ.

ಅಪ್ಪ ತೀರಿಕೊಂಡ ಬಳಿಕ ನಮ್ಮ ಅವ್ವ ಬೈಲಹೊಂಗಲದ ಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದಳು. ಯಾವ ಮಾತಿಗೂ 'ಹೂಂ' ಎನ್ನುವುದಷ್ಟೇ ಉತ್ತರ. ತಿಂಗಳಿಗೊಂದು ಭಾನುವಾರ ಅವಳನ್ನು ಮೊಮ್ಮಕ್ಕಳೊಡನೆ ಸುತ್ತಲಿನ ತಾಣಗಳಿಗೆ ಕರೆದೊಯ್ಯತೊಡಗಿದೆವು. ಸವದತ್ತಿಯ ಬಳಿ ಗುಡ್ಡಗಳ ನಡುವೆ ಮಲಪ್ರಭೆಯನ್ನು ತಡೆದು ನಿಲ್ಲಿಸಿದ ನವಿಲುತೀರ್ಥ ಅಣೆಕಟ್ಟನ್ನು ನೋಡಿದೆವು. ರಾಮದುರ್ಗ ತಾಲ್ಲೂಕಿನ ಸುರೇಬಾನದ ಬಳಿಯ ಶಬರಿಕೊಳ್ಳಕ್ಕೂ ಹೋಗಿ ಬಂದೆವು. ಅವ್ವ ಸುಮ್ಮನೆ ನೋಡುತ್ತಿದ್ದಳು. ಕಿತ್ತೂರಿನ ಅರಮನೆಯ ಅವಶೇಷಗಳಲ್ಲಿ ಧ್ರುವ ನಕ್ಷತ್ರವನ್ನು ನೋಡಲು ಮಾಡಿದ ಕಿಂಡಿಯನ್ನು ಮೊಮ್ಮಗ ತೋರಿಸಿದಾಗ ಮಾತ್ರ, ಬಾಗಿ ಇಣುಕಿ, "ಹಗಲಿನ್ಯಾಗ ಚುಕ್ಕಿ ಎಲ್ಲಿ ಕಾಣತೈತೋ ಹುಚ್ಚಪ್ಪಾ?" ಎಂದು ನಕ್ಕುಬಿಟ್ಟಳು. ತಿಂಗಳುಗಳ ನಂತರ ನಾವು ಕೇಳಿದ ನಗು ಅದು. ಅಂದು ರಾತ್ರಿ, ತಾನು ಚಿಕ್ಕವಳಿದ್ದಾಗ ಅಂಗಳದಲ್ಲಿ ಮಲಗಿ ಚುಕ್ಕಿ ಎಣಿಸುತ್ತಿದ್ದ ಕಥೆಯನ್ನು ಯಾರೂ ಕೇಳದೆಯೇ ಮಕ್ಕಳಿಗೆ ಹೇಳಿದಳು.

ಇಂತಹ ಸುತ್ತಾಟ ಮರೆವಿನ ಕಾಯಿಲೆಗೆ ಮದ್ದಲ್ಲ. ಅಗಲಿಕೆಯ ದುಃಖವನ್ನು ಅಳಿಸುವುದೂ ಇಲ್ಲ. ಆದರೆ 'ವಯಸ್ಸಾಯಿತು, ಇನ್ನೇನು' ಎಂದು ಹಿರಿಯರ ಬಗ್ಗೆ ತೀರ್ಮಾನಿಸುವ ಮೊದಲು, ಅವರಿಗೆ ನೋಡಲು, ಆಡಲು, ಅಚ್ಚರಿಪಡಲು ನಾವು ಹೊಸದೇನನ್ನು ಒದಗಿಸಿದ್ದೇವೆ ಎಂದು ಕೇಳಿಕೊಳ್ಳುವುದು ಒಳಿತು.

ಅದಕ್ಕೆ ದೂರದ ಪ್ರವಾಸವೇ ಆಗಬೇಕೆಂದಿಲ್ಲ, ಹೆಚ್ಚು ಹಣವೂ ಬೇಕಿಲ್ಲ. 1829ರಲ್ಲಿ ನಿಧನಳಾದ ರಾಣಿ ಚೆನ್ನಮ್ಮನ ಸಮಾಧಿ ಬೈಲಹೊಂಗಲದಲ್ಲಿಯೇ ಇದೆ. ಅದರ ಮುಂದೆ ಹಾದುಹೋಗುವ ನಮ್ಮಲ್ಲಿ ಒಳಹೊಕ್ಕು ನಿಂತವರೆಷ್ಟು ಮಂದಿ? ಹೊಸ ಅಡುಗೆಯೊಂದನ್ನು ಕಲಿಯಬಹುದು, ಮಾರುಕಟ್ಟೆಗೆ ಬೇರೊಂದು ಓಣಿಯಿಂದ ಹೋಗಬಹುದು. ಬರುವ ಭಾನುವಾರ ನಿಮ್ಮ ಮನೆಯ ಹಿರಿಯರ ಕೈ ಹಿಡಿದು ನೀವು ಎಲ್ಲಿಗೆ ಹೊರಡುವಿರಿ?