ಕಾಡಿಗೆ ಹೊರಟ ಜೀಪಿನ ಟೈರು

ನಮ್ಮ ಮೂಡಿಗೆರೆ ಸೀಮೆಯಲ್ಲಿ ಬಹಳ ಕಾಲ ಜೀಪಿನ ಟೈರು ಎಂದರೆ ಒಂದೇ ಅಳತೆ, 6.00-16. ಎಲ್ಲರ ಬಾಯಲ್ಲೂ ಅದು ‘ಆರು ಹದಿನಾರು’. ಎರಡನೇ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ಹಳೆ ಜೀಪುಗಳನ್ನು ಕಾಫಿ ಪ್ಲಾಂಟರುಗಳು ಕೊಂಡು ತಂದಿದ್ದರು. ಆಮೇಲೆ ಮಹೀಂದ್ರ ಜೀಪುಗಳು ಬಂದವು. ಇಂಜಿನ್ನು ಬದಲಾಯಿತು, ಬಾನೆಟ್ಟು ಬದಲಾಯಿತು, ಚಕ್ರದ ಅಳತೆ ಮಾತ್ರ ಹಾಗೇ ಉಳಿಯಿತು. ಹಾಗಾಗಿ ಗಿರಾಕಿ ಬಂದರೆ ಅಳತೆ ವಿಚಾರಿಸುವ ಪ್ರಮೇಯವೇ ಇರಲಿಲ್ಲ. ಅಂಗಡಿಯಲ್ಲಿ ಮೊದಲು ಕೇಳುತ್ತಿದ್ದುದು, ‘ಗಾಡಿ ಎಲ್ಲಿಗೆ ಹೋಗುವುದು?’

ಕೊಟ್ಟಿಗೆಹಾರದ ಹತ್ತಿರ ಕಾಕಾನ ಟೈರ್ ಅಂಗಡಿಗೆ ನಾನು ಕೆಲಸ ಕಲಿಯಲು ಸೇರಿದ್ದು 1979ರಲ್ಲಿ. ಕಾಕಾ ಮಲಬಾರಿನಿಂದ ಬಂದು ಇಲ್ಲೇ ನೆಲೆ ನಿಂತವರು. ಆ ಹೊತ್ತಿಗೆ ಶಿಕಾರಿಯ ಕಾಲ ಮುಗಿದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಪ್ಲಾಂಟರುಗಳ ಕೋವಿಗಳು ಗೋಡೆ ಸೇರಿದ್ದವು. ಆದರೆ ಶಿಕಾರಿ ಜೀಪು ಓಡಿಸಿದ ಡ್ರೈವರುಗಳು ಇನ್ನೂ ಇದ್ದರು. ಗಟ್ಟದ ಅಂಚಿನ ಕಾಡಿನ ದಾರಿಯಲ್ಲಿ ಯಾವ ಟೈರು ನಿಲ್ಲುತ್ತದೆ, ಯಾವುದು ಕೈ ಕೊಡುತ್ತದೆ ಎನ್ನುವುದನ್ನು ನಮಗೆ ಹೇಳಿಕೊಟ್ಟವರು ಅವರೇ. ಅವರಲ್ಲೊಬ್ಬರು, ದೊಡ್ಡ ಎಸ್ಟೇಟಿನ ವಯಸ್ಸಾದ ಡ್ರೈವರು, ಗಾಳಿ ಹಿಡಿಸಲು ಬಂದಾಗಲೆಲ್ಲ ನನಗೆ ಹೇಳುತ್ತಿದ್ದರು: ‘ಹೋಗುವ ತೂಕಕ್ಕೆ ಗಾಳಿ ಹಾಕಬೇಡ ಮಾರಾಯ, ಬರುವ ತೂಕಕ್ಕೆ ಹಾಕು.’ ಹೋಗುವಾಗ ಜೀಪಿನಲ್ಲಿ ಜನ ಮಾತ್ರ. ಬರುವಾಗ ಅದೇ ಜನರ ಕಾಲಡಿಗೆ ಕಾಡುಹಂದಿ, ಒದ್ದೆ ಕಂಬಳಿ, ಕೆಸರು. ನಡುರಾತ್ರಿ, ಮಳೆ, ಇಳಿಜಾರು. ಅಲ್ಲಿ ಟೈರು ಕೂತರೆ ಬೆಳಗಾಗುವ ತನಕ ಜೀಪೂ ಕೂತಂತೆಯೇ. ಅದಕ್ಕೇ ಅವರ ಕಾಲದಲ್ಲಿ ಕಾಡಿಗೆ ಹೊರಟ ಜೀಪಿಗೆ ಎರಡು ಸ್ಟೆಪ್ನಿ ಇರುತ್ತಿತ್ತಂತೆ. ಶಿಕಾರಿ ನಿಂತದ್ದು ಒಳ್ಳೆಯದೇ ಆಯಿತು ಎಂದು ನಂಬುವವನು ನಾನು. ಹೊರಡುವ ಮುಂಚೆ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡುವ ಆ ಶಿಸ್ತು ಮಾತ್ರ ಅದರ ಜೊತೆಗೆ ಹೋಗಬಾರದಿತ್ತು.

ಆಗ ಆರಿಸಲಿಕ್ಕೆ ಇದ್ದದ್ದು ಮುಖ್ಯವಾಗಿ ಎರಡು ಥರದ ಬಟನ್, ಅಂದರೆ ಟೈರಿನ ನೆಲ ಕಚ್ಚುವ ಮೈಯ ಅಚ್ಚು. ಒಂದು ಮಿಲಿಟರಿ ಬಟನ್: ದಪ್ಪ ದಪ್ಪ ಗಟ್ಟಿಗಳು ಎಡಕ್ಕೂ ಬಲಕ್ಕೂ ಒಂದೇ ರೀತಿ ಕೂತಿರುತ್ತವೆ, ಯಾವ ಕಡೆಗೆ ಜೋಡಿಸಿದರೂ ನಡೆಯುತ್ತದೆ. ನೋಡಿದರೆ ಕಾಡಿಗೇ ಹುಟ್ಟಿದ ಟೈರಿನ ಹಾಗೆ ಕಾಣುತ್ತದೆ. ಕಲ್ಲಿನ ದಾರಿಗೆ, ಒಣ ಮಣ್ಣಿಗೆ ಅದು ನಿಜವೂ ಹೌದು. ಆದರೆ ನಮ್ಮ ಕೆಂಪು ಜೇಡಿಗೆ ಮಳೆ ಬಿದ್ದರೆ ಆ ಗಟ್ಟಿಗಳ ಸಂದಿಯಲ್ಲಿ ಮಣ್ಣು ಕೂತು, ಹೊರಬರಲು ದಾರಿ ಇಲ್ಲದೆ, ಟೈರು ನುಣ್ಣಗಿನ ಉಂಡೆಯಾಗಿ ಬಿಡುತ್ತದೆ. ಇನ್ನೊಂದು ಲಗ್ ಬಟನ್. ಟ್ರ್ಯಾಕ್ಟರಿನ ಹಿಂದಿನ ಚಕ್ರದ ಹಾಗೆ ಓರೆ ಪಟ್ಟಿಗಳು, ನಡುವೆ ಅಗಲವಾದ ಕಾಲುವೆ. ಚಕ್ರ ತಿರುಗಿದಂತೆ ಮಣ್ಣು ತಾನಾಗಿ ಹೊರಗೆ ಚಿಮ್ಮುತ್ತದೆ. ಡಾಂಬರು ರಸ್ತೆಯಲ್ಲಿ ಗುಂಯ್ ಎನ್ನುತ್ತದೆ, ಬೇಗ ಸವೆಯುತ್ತದೆ. ಮೂಡಿಗೆರೆ ಪೇಟೆಗೆ ಹೋಗಿಬರುವ ಜೀಪಿಗೆ ಕಾಕಾ ಲಗ್ ಕೊಡುತ್ತಿರಲಿಲ್ಲ. ಗಿರಾಕಿ ಹಟ ಹಿಡಿದರೆ, ‘ಸಾಹುಕಾರ್ರೆ, ದುಡ್ಡು ರಸ್ತೆಗೆ ಉಜ್ಜಿ ಬಿಡ್ತೀರಿ’ ಎಂದು ಹೇಳಿಯೇ ಕೊಡುತ್ತಿದ್ದರು.

ಕಾಕಾನ ಒಂದು ಅಭ್ಯಾಸ ನನಗೆ ಮೊದಮೊದಲು ಅರ್ಥವಾಗುತ್ತಿರಲಿಲ್ಲ. ಹಳೆ ಟೈರು ಜೋಡಿಸುವಾಗ ಅವರು ಒಂದು ಸುತಳಿ ತೆಗೆದು ಪ್ರತಿ ಟೈರಿನ ಸುತ್ತಳತೆ ಹಿಡಿಯುತ್ತಿದ್ದರು. ಮುಂದೆ ಹೊಸದು, ಹಿಂದೆ ಸವೆದದ್ದು ಹಾಕಿದರೆ ಏನಾಗುತ್ತದೆ? ಟಾರು ರಸ್ತೆಯಲ್ಲಿ ಏನೂ ಆಗುವುದಿಲ್ಲ. ಆದರೆ ಜೀಪಿಗೆ ನಾಲ್ಕೂ ಚಕ್ರದ ಗೇರು ಹಾಕಿದಾಗ ಮುಂದಿನ, ಹಿಂದಿನ ಚಕ್ರಗಳು ಒಂದೇ ಲೆಕ್ಕದಲ್ಲಿ ತಿರುಗಬೇಕು. ಸುತ್ತಳತೆ ಬೇರೆ ಬೇರೆಯಾದರೆ ಒಂದು ಎಳೆಯುತ್ತದೆ, ಇನ್ನೊಂದು ತಡೆಯುತ್ತದೆ. ಕೆಸರಿನಲ್ಲಿ ಚಕ್ರ ಜಾರುವುದರಿಂದ ಅದು ತಿಳಿಯುವುದಿಲ್ಲ. ಗಟ್ಟಿ ನೆಲಕ್ಕೆ ಬಂದ ಮೇಲೆ ಗೇರಿನ ಲಿವರು ಕಚ್ಚಿ ಹಿಡಿದು ಬಿಡುತ್ತದೆ, ಇಬ್ಬರು ಎಳೆದರೂ ಬರುವುದಿಲ್ಲ. ಗೇರ್ ಬಾಕ್ಸ್ ಬಿಚ್ಚಬೇಕು ಎಂದು ಗ್ಯಾರೇಜಿನವರು ಹೇಳಿದ ಎಷ್ಟೋ ಜೀಪುಗಳ ರೋಗ ಈ ಸುತಳಿಯಲ್ಲಿ ಸಿಕ್ಕಿದೆ.

ಟೈರು ಪರೀಕ್ಷೆ ಹೊರಗಿನಿಂದ ಮುಗಿಯುವುದಿಲ್ಲ. ಲಿವರು ಹಾಕಿ ಟೈರನ್ನು ಡಿಸ್ಕಿನಿಂದ ಬಿಡಿಸಿ, ಟ್ಯೂಬು ಎಳೆದು, ಒಳಗೆ ಬರಿಗೈ ಆಡಿಸಬೇಕು. ಗ್ಲೌಸು ಹಾಕಿದರೆ ಏನೂ ತಿಳಿಯುವುದಿಲ್ಲ. ಅಂಗೈ ಒತ್ತಿ ನಿಧಾನವಾಗಿ ಒಂದು ಸುತ್ತು ಹೋದರೆ ಮುರಿದ ಮೊಳೆಯ ತುದಿ, ಬಿದಿರ ಸಿಬಿರು ಬೆರಳಿಗೆ ಚುಚ್ಚುತ್ತದೆ. ಎರಡನೇ ಸುತ್ತಿನಲ್ಲಿ ನೂಲು ನೋಡಬೇಕು. ಆಗಿನ ನೈಲಾನ್ ಟೈರುಗಳಲ್ಲಿ ನೂಲಿನ ಪದರಗಳು ಒಂದರ ಮೇಲೊಂದು ಅಡ್ಡಡ್ಡ ಕೂತಿರುತ್ತಿದ್ದವು. ಕಲ್ಲಿಗೆ ಬಡಿದ ಕಡೆ ಹೊರಗೆ ಗೀರೂ ಕಾಣದಿದ್ದರೂ ಒಳಗಿನ ಪದರ ಎಕ್ಸ್ ಆಕಾರದಲ್ಲಿ ಹರಿದಿರುತ್ತದೆ. ಅದನ್ನು ನೋಡದೆ ಹೊಸ ಟ್ಯೂಬು ಹಾಕಿ ಕಳಿಸಿದರೆ, ಆ ಹರುಕು ಉಸಿರಾಡುತ್ತಾ ಟ್ಯೂಬನ್ನು ಕಚ್ಚಿ ಕಚ್ಚಿ, ಮೂರನೆಯ ದಿನವೋ ನಾಲ್ಕನೆಯ ದಿನವೋ ಸಿಡಿಯುತ್ತದೆ. ಆಮೇಲೆ ಬೈಗುಳ ಟ್ಯೂಬಿಗೆ.

ಟ್ಯೂಬಿನ ಪಂಚರು ಹಾಕಲು ಅಂಗಡಿಯಲ್ಲಿದ್ದದ್ದು ಒಂದು ಹಳೆ ಇಂಜಿನ್ನಿನ ಪಿಸ್ಟನ್. ಟ್ಯೂಬಿನ ಮೇಲೆ ಹಸಿ ರಬ್ಬರಿನ ತುಂಡಿಟ್ಟು, ಅದರ ಮೇಲೆ ಪಿಸ್ಟನ್ನನ್ನು ಸ್ಕ್ರೂನಿಂದ ಬಿಗಿದು, ಪಿಸ್ಟನ್ನಿನ ಹೊಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಕಡ್ಡಿ ಗೀರುವುದು. ಎಣ್ಣೆ ಉರಿದು ಮುಗಿಯುವ ಹೊತ್ತಿಗೆ ರಬ್ಬರು ಬೆಂದು ಟ್ಯೂಬಿನ ಜೊತೆ ಒಂದಾಗಿರುತ್ತದೆ. ಎಣ್ಣೆ ಹೆಚ್ಚಾದರೆ ಸೀಯುತ್ತದೆ, ಕಡಿಮೆಯಾದರೆ ಅಂಚು ಏಳುತ್ತದೆ. ಇಷ್ಟು ಎಣ್ಣೆಗೆ ಇಷ್ಟು ಹೊತ್ತು ಎಂಬ ಅಂದಾಜಿನಲ್ಲಿ ಕಾಕಾ ಯಾವತ್ತೂ ತಪ್ಪಿದವರಲ್ಲ. ತೊಟ್ಟಿಯ ನೀರಿಗೆ ಟ್ಯೂಬು ಅದ್ದಿ ಗುಳ್ಳೆ ಬಾರದ್ದು ನೋಡಿದ ಮೇಲೇ ದುಡ್ಡಿಗೆ ಕೈ ಚಾಚುತ್ತಿದ್ದರು.

ಕಾಡಿನ ದಾರಿಯಲ್ಲಿ ಟೈರಿಗೆ ದೊಡ್ಡ ಶತ್ರು ಮೊಳೆಯಲ್ಲ, ಬಿದಿರು. ಕತ್ತಿಯಿಂದ ಓರೆಯಾಗಿ ಕಡಿದ ಬಿದಿರಿನ ಮೋಟು ಹುಲ್ಲಿನ ನಡುವೆ ಭರ್ಜಿಯ ಹಾಗೆ ನಿಂತಿರುತ್ತದೆ. ಅದು ಬಟನ್ನಿಗೆ ಚುಚ್ಚುವುದು ಕಡಿಮೆ, ಪಕ್ಕೆಗೆ ಸೀಳುವುದೇ ಹೆಚ್ಚು. ಇದನ್ನೇ ನಾವು ಸೈಡ್ ಕಟ್ ಎನ್ನುವುದು. ಹಳೆ ನೈಲಾನ್ ಟೈರಿನ ಪಕ್ಕೆಯಲ್ಲೂ ಬಟನ್ನಿನ ಕೆಳಗಿದ್ದಷ್ಟೇ ಪದರಗಳು ಇರುತ್ತಿದ್ದುದರಿಂದ ಅದು ಸಾಕಷ್ಟು ತಡೆಯುತ್ತಿತ್ತು. ತಡೆಯದಿದ್ದರೆ ಗೇಟರ್: ಹಳೆ ಟೈರಿನ ತುಂಡನ್ನು ಕೆತ್ತಿ ತೆಳ್ಳಗೆ ಮಾಡಿ ಒಳಗಿನಿಂದ ಕೊಟ್ಟು ಊರಿಗೆ ಮುಟ್ಟುವುದು. ಗೇಟರ್ ಹಾಕಿದ ಟೈರನ್ನು ಮುಂದಿನ ಚಕ್ರಕ್ಕೆ ಯಾವ ಕಾರಣಕ್ಕೂ ಹಾಕಬಾರದು. ಘಾಟಿಯಲ್ಲಿ ಅದು ಸಿಡಿದರೆ ಸ್ಟೇರಿಂಗು ಕೈಗೆ ಬರುವುದಿಲ್ಲ.

ಜೂನ್ ಬಂತೆಂದರೆ ಚೈನಿನ ಕಾಲ. ಚಕ್ರಗಳಿಗೆ ಕಬ್ಬಿಣದ ಸರಪಳಿ ಸುತ್ತದೆ ಒಳಗಿನ ಎಸ್ಟೇಟುಗಳಿಗೆ ಹೋಗುವಂತೆಯೇ ಇರಲಿಲ್ಲ. ಸರಪಳಿ ಸಡಿಲವಾದರೆ ಟೈರಿನ ಪಕ್ಕೆಯನ್ನು ತಿನ್ನುತ್ತದೆ, ಅತಿ ಬಿಗಿಯಾದರೆ ಒಂದೇ ಜಾಗಕ್ಕೆ ಒತ್ತುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ಮತ್ತೆ ಬಿಗಿಯಬೇಕು. ಕೆಸರಿಗೆ ಇಳಿಯುವಾಗ ಗಾಳಿಯನ್ನು ಇಪ್ಪತ್ತು ಪೌಂಡಿನ ಆಸುಪಾಸಿಗೆ ಇಳಿಸುವವರೂ ಇದ್ದರು. ಟೈರು ಅಗಲವಾಗಿ ನೆಲ ಹಿಡಿಯುತ್ತದೆ. ಆದರೆ ಟ್ಯೂಬಿನ ಟೈರಿನಲ್ಲಿ ಗಾಳಿ ಕಮ್ಮಿಯಾದರೆ ಡಿಸ್ಕಿನ ಮೇಲೆ ಟೈರೇ ಜಾರಿ ಸುತ್ತುತ್ತದೆ, ಜೊತೆಗೆ ಟ್ಯೂಬನ್ನೂ ಎಳೆಯುತ್ತದೆ. ಹಾಗಾಗಿರುವುದು ವಾಲ್ವ್ ನೋಡಿದರೆ ಗೊತ್ತಾಗುತ್ತದೆ. ನೆಟ್ಟಗಿರಬೇಕಾದ್ದು ಒಂದು ಕಡೆಗೆ ವಾಲಿರುತ್ತದೆ. ವಾಲಿದ ವಾಲ್ವ್ ಕಂಡ ಜೀಪನ್ನು ಕಾಕಾ ಮುಂದೆ ಬಿಡುತ್ತಿರಲಿಲ್ಲ. ‘ಐದು ನಿಮಿಷದ ಕೆಲಸ, ಇಳಿಯಿರಿ’ ಎಂದು ಜಾಕು ಕೊಡುತ್ತಿದ್ದರು.

ಲಾರಿಗಳ ಕೆಲಸ ಬೇರೆಯದೇ. ಚಾರ್ಮಾಡಿ ಘಾಟಿ ಇಳಿಯುವ ಮುಂಚೆ ಕ್ಲೀನರ್ ಹುಡುಗ ಕಬ್ಬಿಣದ ರಾಡಿನಿಂದ ಒಂದೊಂದೇ ಟೈರಿಗೆ ಬಡಿಯುತ್ತಾ ಬರುತ್ತಿದ್ದ. ಗಾಳಿ ಸರಿಯಿದ್ದರೆ ರಾಡು ಪುಟಿಯುತ್ತದೆ, ಇಲ್ಲದಿದ್ದರೆ ಡಬ್ ಎಂದು ಸತ್ತ ಸದ್ದು. ಹಿಂದಿನ ಜೋಡಿ ಚಕ್ರದಲ್ಲಿ ಒಳಗಿನದು ಕೂತಿದ್ದರೆ ಕಣ್ಣಿಗೆ ಕಾಣುವುದಿಲ್ಲ, ಕಿವಿಗೇ ಕೇಳಬೇಕು. ಲಾರಿಯ ಡಿಸ್ಕಿಗೆ ಟೈರನ್ನು ಹಿಡಿದಿಡುವ ಲಾಕ್ ರಿಂಗು ಇರುತ್ತಿತ್ತು. ಗಾಳಿ ತುಂಬುವಾಗ ಅದು ಸರಿಯಾಗಿ ಕೂರದೆ ಹಾರಿದರೆ ಎದುರಿಗಿದ್ದವನ ಜೀವವೇ ಹೋಗುತ್ತದೆ. ಡಿಸ್ಕಿನ ತೂತುಗಳಲ್ಲಿ ಹಾರೆ ತೂರಿಸಿ, ಪಕ್ಕಕ್ಕೆ ಸರಿದು ನಿಂತು ಗಾಳಿ ಹಿಡಿಯುವುದನ್ನು ಕಾಕಾ ನನಗೆ ಕಲಿಸಿದ್ದು ಬೈದೇ. ಆ ಬೈಗುಳಕ್ಕೆ ನಾನು ಇವತ್ತಿಗೂ ಋಣಿ.

ಬದಲಾವಣೆ ಒಂದೇ ದಿನ ಬರಲಿಲ್ಲ. ಮೊದಲು ಕಾರುಗಳಿಗೆ ರೇಡಿಯಲ್ ಬಂತು. 2000ದಲ್ಲಿ ಬೊಲೆರೊ ಬಂದ ಮೇಲೆ ನಮ್ಮ ಕಡೆಯ ಎಸ್ಟೇಟುಗಳಲ್ಲೂ ನಿಧಾನವಾಗಿ ಹದಿನೈದು ಇಂಚಿನ ಚಕ್ರಗಳು ಕಾಣತೊಡಗಿದವು. ಲಾರಿ-ಬಸ್ಸುಗಳ ರೇಡಿಯಲ್ ಟೈರು 1999ರಲ್ಲಿ ನಮ್ಮ ಮೈಸೂರಿನಿಂದಲೇ ಹೊರಬಿತ್ತು. ಅಲ್ಲಿನ ವಿಕ್ರಾಂತ್ ಟೈರ್ ಕಾರ್ಖಾನೆ ಅಷ್ಟರಲ್ಲಿ ಜೆಕೆ ಟೈರ್ ಕೈಗೆ ಹೋಗಿತ್ತು. ರೇಡಿಯಲ್ಲಿನಲ್ಲಿ ನೂಲು ನೆಟ್ಟಗೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುತ್ತದೆ, ಬಟನ್ನಿನ ಕೆಳಗೆ ಸ್ಟೀಲ್ ಬೆಲ್ಟು. ಬಿಸಿಯಾಗುವುದು ಕಡಿಮೆ, ಬಾಳಿಕೆ ಹೆಚ್ಚು, ಡೀಸೆಲ್ ಉಳಿತಾಯ. ಅದು ಒಳ್ಳೆಯ ಟೈರು, ಅನುಮಾನ ಬೇಡ. ಆದರೆ ಪಕ್ಕೆ ತೆಳ್ಳಗೆ. ಕೆಳಗೆ ಸ್ವಲ್ಪ ಉಬ್ಬಿ ಕೂರುವುದೇ ಅದರ ಗುಣ. ಗಾಳಿ ಇಲ್ಲವೆಂದು ತಿಳಿದು ಕಲ್ಲಾಗುವಷ್ಟು ಗಾಳಿ ತುಂಬಿಸಿಕೊಂಡು ಹೋದ ಹಳೆ ಡ್ರೈವರುಗಳು ಎಷ್ಟೋ ಜನ. ಬಟನ್ನಿಗೆ ಮೊಳೆ ಹೊಕ್ಕರೆ ಟ್ಯೂಬ್‌ಲೆಸ್ಸಿಗೆ ರಬ್ಬರ್ ಬತ್ತಿ ತುರುಕಿ ಹತ್ತು ನಿಮಿಷದಲ್ಲಿ ಕಳಿಸಬಹುದು. ಪಕ್ಕೆಗೆ ಬಿದಿರು ಸೀಳಿದರೆ ಮುಗಿಯಿತು, ಟೈರು ಗುಜರಿಗೆ.

ಅಲ್ಲಿಂದ ಅಂಗಡಿಯಲ್ಲಿ ಟೈರಿನೊಳಗೆ ಕೈ ಆಡಿಸುವುದು ಕಡಿಮೆಯಾಯಿತು. ಟ್ಯೂಬೇ ಇಲ್ಲದ ಮೇಲೆ ಟೈರು ಬಿಚ್ಚುವುದೇಕೆ? ಪಿಸ್ಟನ್ನು ಮೂಲೆ ಸೇರಿತು, ಅದರ ಜಾಗಕ್ಕೆ ಕಂಪ್ರೆಸರು, ಟೈರು ಬಿಚ್ಚುವ ಮೆಷಿನ್ನು ಬಂದವು. 2019ರ ಆಗಸ್ಟ್ ಮಳೆಗೆ ಚಾರ್ಮಾಡಿ ಅಲ್ಲಲ್ಲಿ ಕುಸಿದು ಭಾರಿ ವಾಹನಗಳಿಗೆ ನಿರ್ಬಂಧ ಬಿದ್ದ ಮೇಲೆ ನಮ್ಮ ಲಾರಿ ಕೆಲಸವೂ ಹೋಯಿತು.

ಈಗ ಕಾಡಿನ ದಾರಿಗೆ ಹೋಗುವವರು ಪ್ರವಾಸಿಗಳು. ಕೊಡಚಾದ್ರಿಗೆ, ಮಡಿಕೇರಿ ಕಡೆಯ ಮಾಂದಲಪಟ್ಟಿಗೆ ಬಾಡಿಗೆ ಜೀಪುಗಳ ಸಾಲೇ ಉಂಟು. ಶನಿವಾರ ಬಂದರೆ ಬೆಂಗಳೂರಿನ ಹುಡುಗರು ಥಾರ್ ತರುತ್ತಾರೆ. ದೊಡ್ಡ ಬಟನ್ನಿನ ದುಬಾರಿ ಟೈರು, ನೋಡಲು ಚಂದ. ನಾನು ಬಟನ್ ನೋಡುವುದಕ್ಕಿಂತ ಮುಂಚೆ ಪಕ್ಕೆಯಲ್ಲಿ ಅಚ್ಚಾದ ನಾಲ್ಕು ಅಂಕಿ ಹುಡುಕುತ್ತೇನೆ. 2316 ಎಂದಿದ್ದರೆ 2016ರ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು. ಬಟನ್ ಹೊಸದರ ಹಾಗಿದ್ದರೂ ಪಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿದರೆ ಕೂದಲೆಳೆಯಂಥ ಬಿರುಕು ಬಾಯಿ ಬಿಡುತ್ತದೆ. ಅಂಥ ಟೈರಿನಲ್ಲಿ ಕೆಸರಿಗೆಂದು ಗಾಳಿ ಇಳಿಸಿದರೆ ಆ ಬಿರುಕೇ ಮೊದಲು ಬಾಗುವುದು. ಹೇಳಿದರೆ ಹುಡುಗರು ಕೇಳುತ್ತಾರೆ. ಫೋಟೋ ತೆಗೆದುಕೊಂಡು, ‘ಅಂಕಲ್, ಇದನ್ನ ಯಾರೂ ಹೇಳಿರಲಿಲ್ಲ’ ಎನ್ನುತ್ತಾರೆ. ನನಗೆ ಅವರ ಮೇಲೆ ದೂರಿಲ್ಲ.

ದೂರಿರುವುದು ಬಾಡಿಗೆ ಜೀಪುಗಳ ವಿಚಾರದಲ್ಲಿ. ಒಂದೊಂದರಲ್ಲಿ ಎಂಟು ಹತ್ತು ಜನ, ಹೆಂಗಸರು, ಮಕ್ಕಳು. ಕಡಿದಾದ ಏರು, ಪಕ್ಕದಲ್ಲಿ ಕಂದಕ. ನಾನು ಕಣ್ಣಾರೆ ನೋಡಿದ ಜೀಪುಗಳಲ್ಲಿ ನಾಲ್ಕು ಚಕ್ರಕ್ಕೆ ನಾಲ್ಕು ಥರದ ಟೈರು, ಅದರಲ್ಲಿ ಎರಡು ಹಳೆ ಮೈಗೆ ಹೊಸ ಬಟನ್ ಅಂಟಿಸಿ ರಿಸೋಲ್ ಮಾಡಿದ್ದು, ಒಂದರ ಬಟನ್ ಪೂರಾ ನುಣ್ಣಗೆ. ಕಾರು ಜೀಪುಗಳ ಟೈರಿನಲ್ಲಿ ಬಟನ್ನಿನ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕೆಂದು ಮೋಟಾರು ವಾಹನ ನಿಯಮವೇ ಹೇಳುತ್ತದೆ. ಅಳೆಯಲು ಯಂತ್ರವೇನೂ ಬೇಡ. ಬೆಂಕಿಕಡ್ಡಿಯನ್ನು ಬಟನ್ನಿನ ಸಂದಿಯಲ್ಲಿ ಮಲಗಿಸಿದರೆ ಅದು ಪೂರಾ ಒಳಗೆ ಮುಳುಗಬೇಕು. ಮೇಲೆ ಕಂಡರೆ ಆ ಟೈರು ಬೆಟ್ಟಕ್ಕೆ ಹೋಗಬಾರದು. ಬೆಟ್ಟದ ಬುಡದ ಚೆಕ್‌ಪೋಸ್ಟುಗಳಲ್ಲಿ ಟಿಕೆಟ್ ನೋಡುತ್ತಾರೆ, ಪ್ಲಾಸ್ಟಿಕ್ ಬಾಟಲಿ ಎಣಿಸುತ್ತಾರೆ, ಒಳ್ಳೆಯದೇ. ಅಲ್ಲೇ ಒಬ್ಬರು ಬಗ್ಗಿ ನಾಲ್ಕು ಚಕ್ರಕ್ಕೂ ಕಡ್ಡಿ ಇಟ್ಟು, ಪಕ್ಕೆಗೆ ಕೈ ಸವರಿ, ವಾಲ್ವ್ ನೆಟ್ಟಗಿದೆಯೇ ನೋಡಿ ಬಿಡಲು ಒಂದು ಜೀಪಿಗೆ ಐದು ನಿಮಿಷ ಸಾಕು. ಮಳೆಗಾಲ ಶುರುವಾಗುವ ಮುಂಚೆ ಅಂಥವರಿಗೆ ಕೆಲಸ ಕಲಿಸಿಕೊಡಿ ಎಂದು ಯಾರಾದರೂ ಕರೆದರೆ, ಅಂಗಡಿಗೆ ಬಾಗಿಲು ಹಾಕಿ ಬರಲು ನಾನು ತಯಾರಿದ್ದೇನೆ.