ಅಪ್ಪಯ್ಯನ ಬಾಡಿಗೆ ಕೋಟು

1/6

ಕಪ್ಪು ಕೋಟು, ಕಪ್ಪು ಬೋ ಹಾಕ್ಕೊಂಡು ಹಡಗಿನ ಮೆಟ್ಟಿಲ ಮೇಲೆ ನಿಂತಿರೋರು ನಮ್ಮ ಅಪ್ಪಯ್ಯ. ವಯಸ್ಸು 71. ಬೋ ಹಾಕಿದ್ದು ಜೀವನದಲ್ಲಿ ಅದೇ ಮೊದಲು. ಅದೂ ಕಟ್ಟೋದಲ್ಲ, ಹಿಂದೆ ಕೊಕ್ಕೆ ಇರೋದು. ಈ ಫೋಟೋವನ್ನ ಸ್ಟೋರಿಗೆ ಹಾಕಿದಾಗ ತುಂಬಾ ಜನ ಕೇಳಿದ್ರಿ, "ಅಪ್ಪ ಯಾಕೆ ನಗ್ತಿಲ್ಲ?" ಅಂತ. ಉತ್ತರ ಸ್ವಲ್ಪ ಉದ್ದ ಇದೆ. ಆರು ಪೋಸ್ಟ್ ಆಗುತ್ತೆ, ನಿಧಾನಕ್ಕೆ ಓದಿ.

2024ರ ಆಗಸ್ಟ್. ಅಪ್ಪಯ್ಯ, ಅಮ್ಮ ಬೆಂಗಳೂರಿನಿಂದ ಸಿಯಾಟಲ್‌ಗೆ, ನಮ್ಮ ಮನೆಗೆ ಬಂದಿದ್ರು. ಇಲ್ಲಿಂದ ಅಲಾಸ್ಕಾಗೆ ಏಳು ರಾತ್ರಿಯ ಕ್ರೂಸ್ ಬುಕ್ ಮಾಡಿದೆ. ಬುಕಿಂಗ್ ಕಾಗದದಲ್ಲಿ ಒಂದು ಕಡೆ "ಎರಡು ಫಾರ್ಮಲ್ ನೈಟ್" ಅಂತ ಇತ್ತು. ಅಂದ್ರೆ ಆ ಎರಡು ರಾತ್ರಿ ಹಡಗಿನ ದೊಡ್ಡ ಊಟದ ಹಾಲ್‌ಗೆ ಗಂಡಸರು ಸೂಟ್ ಇಲ್ಲಾ ಟಕ್ಸಿಡೊ, ಹೆಂಗಸರು ಗೌನ್ ಥರದ್ದು ಹಾಕಬೇಕು. ಜೀನ್ಸ್, ಚಡ್ಡಿ, ಹವಾಯ್ ಚಪ್ಪಲಿ ನಡೆಯಲ್ಲ. ಇಷ್ಟ ಇಲ್ಲದೋರು ಮೇಲಿನ ಮಹಡಿಯ ಬಫೆಗೆ ಹೋಗಬಹುದು, ಅಲ್ಲಿ ಯಾರೂ ಕೇಳಲ್ಲ.

ಅಪ್ಪಯ್ಯನ ಸೂಟ್‌ಕೇಸಲ್ಲಿ ಬಿಳಿ ಪಂಚೆ, ಜರಿ ಅಂಚಿನ ಶಲ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ ಇತ್ತು. "ಮದುವೆಗೆ ಹೋಗುವ ಬಟ್ಟೆ ಇದೇ ಅಲ್ವಾ, ಇದಕ್ಕಿಂತ ಫಾರ್ಮಲ್ ಎಂತದು?" ಅಂದ್ರು.

ನನಗೆ ಎದೆ ಢವ ಅಂತು. ಹಿಂದಿನ ತಿಂಗಳಷ್ಟೇ ಬೆಂಗಳೂರಿನ ಮಾಲ್ ಒಂದರಲ್ಲಿ, ಸಿನಿಮಾ ನೋಡೋಕೆ ಮಗನ ಜೊತೆ ಬಂದಿದ್ದ ರೈತರೊಬ್ಬರನ್ನ ಪಂಚೆ ಉಟ್ಟಿದ್ದಾರೆ ಅಂತ ಒಳಗೆ ಬಿಡದ ಸುದ್ದಿ ಬಂದಿತ್ತು. ಸರ್ಕಾರ ಆ ಮಾಲನ್ನ ಏಳು ದಿನ ಮುಚ್ಚಿಸಿತು. ನಮ್ಮೂರಲ್ಲೇ ಹೀಗಾದ್ರೆ ಅಮೆರಿಕದ ಹಡಗಲ್ಲಿ? ಅಷ್ಟು ಜನರ ಮುಂದೆ ಅಪ್ಪಯ್ಯನನ್ನ ಬಾಗಿಲಲ್ಲಿ ನಿಲ್ಲಿಸಿದ್ರೆ?

ಯಾರನ್ನೂ ಕೇಳಲಿಲ್ಲ. ಸೀದಾ ಬಾಡಿಗೆ ಸೂಟಿನ ಅಂಗಡಿಗೆ ಕರ್ಕೊಂಡು ಹೋದೆ.

2/6

ಈ ಫೋಟೋದಲ್ಲಿರೋದು ಅಂಗಡಿಯ ಕನ್ನಡಿ. ಕೋಟು ಸರಿಯಾಗಿ ಕೂತಿತ್ತು, ಪ್ಯಾಂಟು ಮಾತ್ರ ಹೊಟ್ಟೆ ಹತ್ರ ಬಿಗಿ. "ಉಸಿರು ಬಿಡಬಹುದಾ?" ಅಂತ ಅಪ್ಪಯ್ಯ ಅಂಗಡಿಯವನನ್ನ ಕನ್ನಡದಲ್ಲೇ ಕೇಳಿದ್ರು. ಅವನು "ಯೆಸ್ ಸರ್" ಅಂದ.

ಆಮೇಲೆ ಓದಿ ತಿಳ್ಕೊಂಡಿದ್ದು ಹೇಳ್ತೀನಿ. ಈ ಟಕ್ಸಿಡೊ ಹುಟ್ಟಿದ್ದೇ ಆರಾಮದ ಬಟ್ಟೆಯಾಗಿ! 1865ರಲ್ಲಿ ಇಂಗ್ಲೆಂಡಿನ ಯುವರಾಜನಿಗೆ (ಮುಂದೆ ಏಳನೇ ಎಡ್ವರ್ಡ್ ಆದವನು) ತಮ್ಮ ಅಂಗಡಿಯಲ್ಲಿ ಗಿಡ್ಡ ಕೋಟು ಹೊಲಿದ್ವಿ ಅಂತ ಲಂಡನ್ನಿನ ಸೆವಿಲ್ ರೋ ಬೀದಿಯ ಹೆನ್ರಿ ಪೂಲ್ ದರ್ಜಿಗಳು ಹೇಳ್ತಾರೆ. ಆಗ ಫಾರ್ಮಲ್ ಅಂದ್ರೆ ಹಿಂದೆ ಬಾಲ ಇರೋ ಉದ್ದ ಕೋಟು. ಅದನ್ನ ಹಾಕ್ಕೊಂಡು ಊಟಕ್ಕೆ ಕೂರೋ ಕಷ್ಟ ತಪ್ಪಲಿ ಅಂತ ಬಾಲ ಕತ್ತರಿಸಿದ ಕೋಟು ಬಂತು. ಟಕ್ಸಿಡೊ ಅನ್ನೋ ಹೆಸರು ಅಮೆರಿಕದ ನ್ಯೂಯಾರ್ಕ್ ಹತ್ತಿರದ ಟಕ್ಸಿಡೊ ಪಾರ್ಕ್‌ನಿಂದ ಬಂದಿದ್ದು.

ಹಡಗಿಗೂ ಇದಕ್ಕೂ ನಂಟು ಹಳೇದು. ಅಟ್ಲಾಂಟಿಕ್ ದಾಟೋಕೆ ಹಡಗೇ ಗತಿ ಇದ್ದ ಕಾಲದಲ್ಲಿ ಫಸ್ಟ್ ಕ್ಲಾಸಿನೋರಿಗೆ ಒಂದು ಊಟದ ಹಾಲ್, ಥರ್ಡ್ ಕ್ಲಾಸಿನೋರಿಗೆ ಇನ್ನೊಂದು. ಫಸ್ಟ್ ಕ್ಲಾಸಿನೋರು ರಾತ್ರಿ ಊಟಕ್ಕೆ ಸಿಂಗರಿಸ್ಕೊಂಡೇ ಬರಬೇಕು. ಮೊದಲ ರಾತ್ರಿ, ಕೊನೇ ರಾತ್ರಿ ಮಾತ್ರ ವಿನಾಯಿತಿ, ಯಾಕಂದ್ರೆ ಪೆಟ್ಟಿಗೆ ಇನ್ನೂ ಬಿಚ್ಚಿರಲ್ಲ ಇಲ್ಲಾ ಆಗಲೇ ಕಟ್ಟಿರುತ್ತೆ. 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟೋಕೆ ಶುರು ಮಾಡಿದ್ಮೇಲೆ ಆ ಹಡಗುಗಳ ಕೆಲಸ ಹೋಯ್ತು. ಊರು ತಲುಪಿಸೋ ಹಡಗು ಹೋಗಿ ರಜೆ ಕಳೆಯೋ ಹಡಗು ಬಂತು. ಕೋಟಿನ ಪದ್ಧತಿ ಮಾತ್ರ ಉಳ್ಕೊಳ್ತು.

ಈಗ ಅದೂ ಸಡಿಲ ಆಗ್ತಿದೆ. ನಾರ್ವೇಜಿಯನ್ ಕಂಪನಿಯವರು 2000ದಲ್ಲೇ "ಫ್ರೀಸ್ಟೈಲ್" ಅಂತ ಶುರು ಮಾಡಿದ್ರು. ಕಾರ್ನಿವಲ್‌ನವರು "ಕ್ರೂಸ್ ಎಲಿಗೆಂಟ್", ಸೆಲೆಬ್ರಿಟಿಯವರು "ಈವ್ನಿಂಗ್ ಚಿಕ್" ಅಂತ ಹೆಸರನ್ನೇ ಬದಲಾಯಿಸಿದ್ರು. ಕ್ಯೂನಾರ್ಡ್‌ನವರು ಮಾತ್ರ ಇನ್ನೂ ಗಟ್ಟಿ. ಅವರ ಗಾಲಾ ರಾತ್ರಿ ಸಂಜೆ ಆರರ ಮೇಲೆ ಕೋಟಿಲ್ಲದ ಗಂಡಸರಿಗೆ ಹಡಗಿನ ಕೆಲವೇ ಜಾಗಗಳಲ್ಲಿ ಪ್ರವೇಶ.

ಇದೆಲ್ಲ ಗೊತ್ತಾಗಿದ್ದು ಹಡಗು ಇಳಿದ್ಮೇಲೆ. ಹತ್ತುವಾಗ ನನಗೆ ಗೊತ್ತಿದ್ದದ್ದು ಭಯ ಒಂದೇ.

3/6

ಎರಡನೇ ದಿನ ಪೂರ್ತಿ ಸಮುದ್ರ. ಆ ಸಂಜೆಯೇ ಮೊದಲ ಫಾರ್ಮಲ್ ನೈಟ್. ಹಡಗಿನ ನಡುವಿನ ದೊಡ್ಡ ಹಜಾರದಲ್ಲಿ ಕ್ಯಾಪ್ಟನ್ ಪಾರ್ಟಿ. ಗ್ಲಾಸುಗಳನ್ನ ಗೋಪುರದ ಥರ ಜೋಡಿಸಿ ಮೇಲಿಂದ ಶಾಂಪೇನ್ ಸುರೀತಾರೆ, ಜನ ಚಪ್ಪಾಳೆ ಹೊಡೀತಾರೆ. ಮೆಟ್ಟಿಲ ಹತ್ರ ಫೋಟೋಗ್ರಾಫರ್‌ಗಳು ಸಾಲಾಗಿ ಪರದೆ ಹಾಕ್ಕೊಂಡು ನಿಂತಿರ್ತಾರೆ. ಪುಕ್ಕಟೆ ತೆಗೀತಾರೆ, ಪ್ರಿಂಟ್ ಬೇಕಂದ್ರೆ ದುಡ್ಡು.

ಅಮ್ಮ ಹಸಿರು ಮೈಸೂರು ಸಿಲ್ಕ್ ಉಟ್ಟಿದ್ರು. ಇದು ಗೌನ್ ಹೌದೋ ಅಲ್ವೋ ಅಂತ ಯಾರೂ ಕೇಳಲಿಲ್ಲ. ಮೂರು ಜನ ಬಂದು ಸೆರಗು ಮುಟ್ಟಿ ನೋಡಿ "ಬ್ಯೂಟಿಫುಲ್" ಅಂದ್ರು. ಅಮ್ಮ ಖುಷಿಯಲ್ಲಿ ಬೆಲೆ ಕೂಡ ಹೇಳಿದ್ರು.

ಅಪ್ಪಯ್ಯ ಕಂಬದ ಪಕ್ಕ, ಕೈ ಹಿಂದೆ ಕಟ್ಟಿ ನಿಂತಿದ್ರು. ಅದು ಅವರು ನಿಲ್ಲೋ ರೀತಿ. ನಮ್ಮ ಹೋಟ್ಲಿನ ಬಾಗಿಲಲ್ಲಿ, ಯಾವ ಟೇಬಲ್ ಖಾಲಿ ಆಯ್ತು ಅಂತ ನೋಡ್ತಾ ಮೂವತ್ತು ವರ್ಷ ಹಾಗೇ ನಿಂತಿದ್ದಾರೆ. ಸುತ್ತ ವೇಟರ್‌ಗಳು ಓಡಾಡ್ತಿದ್ರು. ಅವರದ್ದೂ ಕಪ್ಪು ಕೋಟು, ಬಿಳಿ ಅಂಗಿ, ಕಪ್ಪು ಬೋ. ಅರ್ಧಕ್ಕರ್ಧ ಜನ ನಮ್ಮ ಬಣ್ಣದೋರು.

ನೀಲಿ ಗೌನ್ ಹಾಕಿದ್ದ ಒಬ್ಬ ಹೆಂಗಸು ಯಾರ ಹತ್ರಾನೋ ಮಾತಾಡ್ತಾ, ಪಕ್ಕಕ್ಕೆ ಕೈ ಚಾಚಿ ಖಾಲಿ ಗ್ಲಾಸನ್ನ ಅಪ್ಪಯ್ಯನ ಮುಂದೆ ಹಿಡಿದ್ರು. "ಥ್ಯಾಂಕ್ಯೂ" ಅಂದ್ರು. ಮುಖ ನೋಡಲಿಲ್ಲ.

ಅಪ್ಪಯ್ಯ ತಗೊಂಡ್ರು.

ಆಚೆ ಈಚೆ ನೋಡಿ, ನಾಲ್ಕು ಹೆಜ್ಜೆ ನಡೆದು, ಮೂಲೆಯ ಟೇಬಲ್ ಮೇಲಿದ್ದ ಟ್ರೇಯಲ್ಲಿ ಸದ್ದಾಗದ ಹಾಗೆ ಇಟ್ರು. ಕರ್ಚೀಫಲ್ಲಿ ಬೆರಳು ಒರೆಸ್ಕೊಂಡ್ರು. ವಾಪಸ್ ಬಂದು ಅದೇ ಕಂಬದ ಪಕ್ಕ ನಿಂತ್ರು.

ನಾನು ಹತ್ತಡಿ ದೂರದಲ್ಲಿದ್ದೆ. ಕಿವಿಯೆಲ್ಲ ಬಿಸಿ ಆಯ್ತು. ಆ ಹೆಂಗಸಿನ ಹತ್ರ ಹೋಗಿ ಕೇಳೇಬಿಡೋಣ ಅಂತ ಹೊರಟೆ. ಅಪ್ಪಯ್ಯ ಕಣ್ಣಲ್ಲೇ ಬೇಡ ಅಂದ್ರು.

ಮೊದಲ ಪೋಸ್ಟಿನ ಫೋಟೋ ತೆಗೆದಿದ್ದು ಇದಾಗಿ ಐದು ನಿಮಿಷಕ್ಕೆ.

4/6

ಊಟದ ಟೇಬಲ್ಲಿನಲ್ಲಿ ನನಗೆ ಒಂದು ತುತ್ತೂ ಇಳೀಲಿಲ್ಲ. ಅಪ್ಪಯ್ಯ ಎರಡನೇ ಸಲ ಸೂಪ್ ಹಾಕಿಸ್ಕೊಂಡ್ರು.

ನಮ್ಮ ಟೇಬಲ್ಲಿಗೆ ಬಂದ ವೇಟರ್ ಹುಡುಗನ ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ ಇಂಡಿಯಾ ಅಂತ ಇತ್ತು. ಹೆಸರು ನೋಡಿದ್ದೇ ಅಪ್ಪಯ್ಯ ಕೇಳಿದ್ರು, "ಯಾವ್ ಊರ್ ಮಾಣಿ ನಿಂದ್?"

ಹುಡುಗ ಒಂದು ಕ್ಷಣ ಪ್ಲೇಟ್ ಹಿಡ್ಕೊಂಡು ಹಾಗೇ ನಿಂತ. "ಬ್ರಹ್ಮಾವರದ ಹತ್ರ ಸರ್."

"ಸರ್ ಎಲ್ಲ ಬೇಡ ಮಾರಾಯ."

"ಇಲ್ಲಿ ಡ್ಯೂಟಿ ಮುಗಿಯೋವರೆಗೆ ಸರ್. ಊರಲ್ಲಿ ಸಿಕ್ಕಿದ್ರೆ ಮಾವ."

ಅಲ್ಲಿಂದ ಶುರುವಾಯ್ತು. ಒಬ್ಬನಿಗೆ ಎಷ್ಟು ಟೇಬಲ್? ಕ್ಲೀನಿಂಗ್ ಯಾರದ್ದು? ಮೊದಲ ಪಂಕ್ತಿ ಎದ್ದು ಎರಡನೇ ಪಂಕ್ತಿ ಕೂರೋಕೆ ಎಷ್ಟು ಹೊತ್ತು ಸಿಗ್ತದೆ? ಹುಡುಗ ಒಂದು ಪ್ಲೇಟ್ ಇಡುವಾಗ ಒಂದು ಉತ್ತರ, ಇನ್ನೊಂದು ಎತ್ತುವಾಗ ಇನ್ನೊಂದು. ಫಾರ್ಮಲ್ ನೈಟ್ ಅಂದ್ರೆ ಅವರಿಗೆ ಕೆಲಸ ಜಾಸ್ತಿಯಂತೆ. ಚಂದ ಡ್ರೆಸ್ ಮಾಡ್ಕೊಂಡು ಬಂದೋರು ಬೇಗ ಏಳಲ್ಲ, ಫೋಟೋ ತೆಗೀತಾ ಕೂತಿರ್ತಾರೆ, ಹೊರಗೆ ಎರಡನೇ ಪಂಕ್ತಿಯೋರು ಕಾಯ್ತಿರ್ತಾರೆ. ಬಾಗಿಲು ತೆಗೆಯೋ ಮುಂಚೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಉಗುರು, ಶೂ, ಕಾಲರ್ ನೋಡ್ತಾರಂತೆ. "ನಮಗೂ ಹಾಗೇ ಇತ್ತು" ಅಂದ್ರು ಅಪ್ಪಯ್ಯ.

ಗೊತ್ತಿಲ್ಲದೋರಿಗೆ ಹೇಳಬೇಕು. ಅಪ್ಪಯ್ಯ ಹದಿಮೂರನೇ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬೆಂಗಳೂರಿಗೆ ಬಂದೋರು. ಮೊದಲು ಲೋಟ ತೊಳೆಯೋದು, ಆಮೇಲೆ ಟೇಬಲ್ ಒರೆಸೋದು, ಆಮೇಲೆ ಸಪ್ಲೈಯರ್. ಗಲ್ಲಾಪೆಟ್ಟಿಗೆ ಮುಂದೆ ಕೂರೋಕೆ ಇಪ್ಪತ್ತು ವರ್ಷ ಬೇಕಾಯ್ತು. ನನ್ನ ಇಂಜಿನಿಯರಿಂಗ್ ಫೀಸು ಅದೇ ಪೆಟ್ಟಿಗೆಯಿಂದ ಬಂದಿದ್ದು.

ರೂಮಿಗೆ ಬಂದ್ಮೇಲೆ ಕೇಳಿದೆ, "ಅಪ್ಪಯ್ಯ, ನಿಮಗೆ ಬೇಜಾರಾಗಲಿಲ್ವಾ?"

"ಲೋಟ ಕೊಟ್ಟದ್ದಕ್ಕಾ? ಲೆಕ್ಕ ಇಲ್ಲದಷ್ಟು ಎತ್ತಿದ್ದೇನೆ ಮಾರಾಯ್ತಿ." ಬೋ ಬಿಚ್ಚಿ ಮೇಜಿನ ಮೇಲಿಟ್ರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದ್ರು, "ನಿನ್ನ ಮುಖ ನೋಡಿ ಬೇಜಾರಾಯ್ತು. ನಿನ್ನ ಅಪ್ಪನನ್ನ ಸಪ್ಲೈಯರ್ ಅಂದ್ಕೊಂಡ್ರೆ ನಿನಗೆ ಅಷ್ಟು ಅವಮಾನವಾ?"

ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ.

5/6

ಈ ನೀಲಿ ಗೋಡೆ ಗ್ಲೇಸಿಯರ್ ಬೇನಲ್ಲಿರೋ ಮಾರ್ಜರಿ ಹಿಮನದಿ. ಆ ದಿನ ಬೆಳಿಗ್ಗೆ ನ್ಯಾಷನಲ್ ಪಾರ್ಕಿನ ರೇಂಜರ್‌ಗಳು ಹಡಗು ಹತ್ತಿ ಮೈಕಲ್ಲಿ ವಿವರಣೆ ಕೊಡ್ತಾರೆ. ಹಡಗು ಎಂಜಿನ್ ಸದ್ದು ಇಳಿಸಿ ಹಿಮದ ಮುಂದೆ ನಿಲ್ಲುತ್ತೆ. ಒಂದು ತುಂಡು ಕಳಚಿ ನೀರಿಗೆ ಬಿದ್ರೆ ಮೊದಲು ಕಾಣುತ್ತೆ, ಒಂದು ಕ್ಷಣ ಬಿಟ್ಟು ಗುಡುಗಿನ ಹಾಗೆ ಸದ್ದು ಬರುತ್ತೆ. ಡೆಕ್ಕಿನ ಮೇಲೆ ಎಲ್ಲರೂ ಒಂದೇ. ಕಂಬಳಿ, ಜಾಕೆಟ್, ಟೋಪಿ. ಅಪ್ಪಯ್ಯ ಮಂಕಿ ಕ್ಯಾಪ್. ಯಾರು ಫಸ್ಟ್ ಕ್ಲಾಸ್, ಯಾರು ಥರ್ಡ್ ಕ್ಲಾಸ್ ಹೇಳೋಕಾಗಲ್ಲ.

ಅವತ್ತು ರಾತ್ರಿಯೇ ಎರಡನೇ ಫಾರ್ಮಲ್ ನೈಟ್.

ಮಧ್ಯಾಹ್ನ ನಾನು ರಿಸೆಪ್ಷನ್‌ಗೆ ಹೋದೆ. ಜಗಳಕ್ಕೆ ರೆಡಿಯಾಗಿ, ಮನಸ್ಸಲ್ಲೇ ಇಂಗ್ಲಿಷ್ ಜೋಡಿಸ್ಕೊಂಡು. "ನನ್ನ ತಂದೆ ನಮ್ಮ ಕಡೆಯ ಸಾಂಪ್ರದಾಯಿಕ ಉಡುಪಲ್ಲಿ ಊಟಕ್ಕೆ ಬರಬಹುದಾ?" ಅಂತ ಕೇಳಿದೆ. ಕೌಂಟರಿನ ಹುಡುಗಿ, "ಖಂಡಿತ ಮೇಡಂ, ರೂಲಲ್ಲೇ ಇದೆಯಲ್ಲ" ಅಂದು ಕಾಗದ ತಿರುಗಿಸಿ ತೋರಿಸಿದ್ಲು. ಸೂಟ್, ಟಕ್ಸಿಡೊ, ಅದರ ಪಕ್ಕದಲ್ಲೇ "ಅವರವರ ದೇಶದ ಫಾರ್ಮಲ್ ಉಡುಪು". ಸ್ಕಾಟ್ಲೆಂಡಿನೋರು ಕಿಲ್ಟ್ ಹಾಕ್ಕೊಂಡು ಬರ್ತಾರಂತೆ, ಸೈನ್ಯದೋರು ಯೂನಿಫಾರ್ಮಲ್ಲಿ.

ಅದೇ ಕಾಗದ ಎರಡು ತಿಂಗಳಿಂದ ನನ್ನ ಫೋನಲ್ಲಿತ್ತು. ಸೂಟ್ ಅನ್ನೋ ಪದ ನೋಡಿದ್ದೇ ಮುಂದೆ ಓದಿರಲಿಲ್ಲ. ಹಡಗಿನ ರೂಲಿಗಿಂತ ನನ್ನ ರೂಲೇ ಬಿಗಿ ಇತ್ತು.

ಓಡ್ಕೊಂಡು ರೂಮಿಗೆ ಬಂದು, "ಅಪ್ಪಯ್ಯ, ಇವತ್ತು ಪಂಚೆ ಉಡಿ! ಪರ್ಮಿಷನ್ ಸಿಕ್ತು!" ಅಂದೆ.

ಅವರು ಹಾಸಿಗೆ ಮೇಲೆ ಕೂತು ಚಾ ಕುಡೀತಿದ್ರು. "ಅವತ್ತು ಹೆದರಿ ಕೋಟು ಹಾಕ್ಸಿದಿ. ಇವತ್ತು ಸಿಟ್ಟಲ್ಲಿ ಪಂಚೆ ಉಡಿಸ್ತಿದ್ದಿ. ನಾವು ಹೋಗುವುದು ಊಟಕ್ಕೆ ತಾನೆ?"

ಅಮ್ಮ ನಗೋಕೆ ಶುರು ಮಾಡಿದ್ರು. ನಾನೂ ನಕ್ಕೆ, ಕಣ್ಣಲ್ಲಿ ನೀರಿತ್ತು.

6/6

ಸಂಜೆ ಅಪ್ಪಯ್ಯ ಬಾತ್‌ರೂಮಿಂದ ಹೊರಗೆ ಬಂದಾಗ ಕಚ್ಚೆ ಹಾಕಿದ ಬಿಳಿ ಪಂಚೆ, ಬಿಳಿ ಅಂಗಿ, ಅದರ ಮೇಲೆ ಬಾಡಿಗೆ ಕಪ್ಪು ಕೋಟು, ಹೆಗಲ ಮೇಲೆ ಶಲ್ಯ. ಬೋ ಇಲ್ಲ.

"ಪ್ಯಾಂಟು ಬಿಗಿ, ಪಂಚೆ ಸಡಿಲ. ಕೋಟು ಬೆಚ್ಚಗಿದೆ, ಬಾಡಿಗೆಯೂ ಕೊಟ್ಟಾಗಿದೆ. ಎರಡೂ ಹಾಕಿದೆ" ಅಂದ್ರು.

ಹಳೇ ಮೈಸೂರಿನ ಮೇಷ್ಟ್ರು, ವಕೀಲರ ಫೋಟೋ ನೋಡಿದ್ದೀರಲ್ಲ? ಕಚ್ಚೆ ಪಂಚೆ, ಮೇಲೆ ಕಪ್ಪು ಕೋಟು, ಶಲ್ಯ. ನೂರು ವರ್ಷದ ಹಿಂದೆ ನಮ್ಮ ಕಡೆಯ ಫಾರ್ಮಲ್ ಅದೇ. ಪೇಟ ಒಂದು ಕಮ್ಮಿ, ಅಷ್ಟೆ.

ಊಟದ ಹಾಲಿನ ಬಾಗಿಲಲ್ಲಿ ಮೇಲ್ವಿಚಾರಕರು ನಿಂತಿದ್ರು. ನನ್ನ ಕಾಲು ನಿಧಾನ ಆಯ್ತು. ಅವರು ಅಪ್ಪಯ್ಯನನ್ನ ಒಮ್ಮೆ ನೋಡಿ, "ಗುಡ್ ಈವ್ನಿಂಗ್ ಸರ್" ಅಂದು ದಾರಿ ಬಿಟ್ರು. ಅಷ್ಟೇ. ನಾನು ಎರಡು ತಿಂಗಳು ಹೆದರಿದ್ದು ಇದಕ್ಕೆ.

ಊಟದ ಕೊನೆಗೆ ದೀಪ ಆರಿಸಿ, ವೇಟರ್‌ಗಳೆಲ್ಲ ಬೇಕ್ಡ್ ಅಲಾಸ್ಕಾ ಹಿಡ್ಕೊಂಡು ಸಾಲಾಗಿ ಮೆರವಣಿಗೆ ಬಂದ್ರು. ಐಸ್‌ಕ್ರೀಮಿನ ಮೇಲೆ ಮೊಟ್ಟೆಯ ಬಿಳಿ ಹಚ್ಚಿ ಸುಟ್ಟ ಸಿಹಿ ಅದು. ಜನ ನ್ಯಾಪ್ಕಿನ್ ತಿರುಗಿಸ್ತಾ ಕೂಗ್ತಾರೆ. ಅಪ್ಪಯ್ಯ ಮೊಟ್ಟೆ ತಿನ್ನಲ್ಲ, ಮುಟ್ಟಲಿಲ್ಲ. ಆದ್ರೆ ನಮ್ಮ ಬ್ರಹ್ಮಾವರದ ಹುಡುಗ ಹತ್ರ ಬಂದಾಗ ಎದ್ದು ನಿಂತು ಚಪ್ಪಾಳೆ ಹೊಡೆದ್ರು. ಅಮ್ಮನೂ ಎದ್ರು. ಆಮೇಲೆ ನಾನು.

ಹೊರಗೆ ಬರುವಾಗ ಅದೇ ಗ್ಲಾಸಿನ ಹೆಂಗಸು ಎದುರಾದ್ರು. ಅಪ್ಪಯ್ಯನ ಶಲ್ಯ ನೋಡಿ "ವಾಟ್ ಎ ಲವ್ಲಿ ಔಟ್‌ಫಿಟ್" ಅಂದ್ರು. ಗುರುತು ಸಿಗಲಿಲ್ಲ. ಅಪ್ಪಯ್ಯ ಕೈ ಮುಗಿದ್ರು. ಈ ಸಲ ನಾನೂ ಸುಮ್ಮನೆ ನಕ್ಕೆ.

ಅಪ್ಪ ಅಮ್ಮನನ್ನ ಕ್ರೂಸಿಗೆ ಕರ್ಕೊಂಡು ಹೋಗೋರಿಗೆ ಎರಡು ಮಾತು. ಡ್ರೆಸ್ ಕೋಡನ್ನ ಕೊನೇ ಸಾಲಿನವರೆಗೆ ಓದಿ, ಅನುಮಾನ ಇದ್ರೆ ಕಂಪನಿಗೆ ಮೊದಲೇ ಬರೆದು ಕೇಳಿ. ಹತ್ತಿದ ದಿನ ದೊಡ್ಡ ಬ್ಯಾಗುಗಳು ರೂಮಿಗೆ ಬರೋದು ತಡ, ಹಾಗಾಗಿ ಒಂದು ಜೊತೆ ಒಳ್ಳೇ ಬಟ್ಟೆ ಮತ್ತೆ ಮಾತ್ರೆಗಳು ಕೈಚೀಲದಲ್ಲಿರಲಿ. ಮತ್ತೆ ಅವರು ಏನು ಹಾಕ್ಕೊಳ್ತಾರೆ ಅಂತ ಅವರನ್ನೇ ಒಂದು ಸಲ ಕೇಳಿ.

ಕೊನೇ ಫೋಟೋ ನೋಡಿ. ಅಪ್ಪಯ್ಯ, ಅಮ್ಮ ಕೂತಿದ್ದಾರೆ, ಹಿಂದೆ ಆ ಹುಡುಗ ನಿಂತಿದ್ದಾನೆ. ಅವನಿಗೆ ನಮ್ಮ ಜೊತೆ ಕೂರೋ ಹಾಗಿಲ್ಲ, ರೂಲು. ಇಬ್ಬರ ಮೈಮೇಲೂ ಕಪ್ಪು ಕೋಟು. ಅಪ್ಪಯ್ಯ ಇದರ ಪ್ರಿಂಟಿಗೆ ಫ್ರೇಮ್ ಹಾಕ್ಸಿ ಹೋಟ್ಲಿನ ಗಲ್ಲಾದ ಹಿಂದೆ ತೂಗುಹಾಕಿದ್ದಾರೆ. ಮೊದಲನೇ ಫೋಟೋ, ಆ ನಗು ಇಲ್ಲದ್ದು, ನನ್ನ ಹತ್ರ ಇದೆ.