ಹೆಸರಘಟ್ಟ ರಸ್ತೆಯ ಪುಟಗಳು

ಫೆಬ್ರವರಿ 4, 2016

ನಮ್ಮ ರಸ್ತೆಯಲ್ಲಿ ಭಾನುವಾರ ರಾತ್ರಿ ನಡೆದ ಗಲಾಟೆ ದೆಹಲಿ ಮುಟ್ಟಿದೆ. ತಪ್ಪಿತಸ್ಥರಿಗೆ ಶಿಕ್ಷೆಯಾಗಲೇಬೇಕೆಂದು ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ನಿನ್ನೆ ಟ್ವೀಟ್ ಮಾಡಿದರು. ರಾಜ್ಯದ ಗೃಹ ಸಚಿವರು ಇದು ಜನಾಂಗೀಯ ದಾಳಿಯಲ್ಲ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಕಾರು ಗುದ್ದಿಸಿ ನಮ್ಮ ಹೆಣ್ಣುಮಗಳ ಪ್ರಾಣ ತೆಗೆದವನು ಸುಡಾನಿನವನು. ಅರ್ಧ ಗಂಟೆ ಬಿಟ್ಟು ಅದೇ ದಾರಿಯಲ್ಲಿ ಬಂದ ಟಾಂಜಾನಿಯದ ಹುಡುಗಿಗೂ ಅವನಿಗೂ ಏನು ಸಂಬಂಧ? ಮೈಬಣ್ಣ ನೋಡಿಯೇ ಅವಳನ್ನು ಎಳೆದು ಹೊಡೆದರು, ಕಾರಿಗೆ ಬೆಂಕಿ ಇಟ್ಟರು.

ಫೆಬ್ರವರಿ 5

ಟಾಂಜಾನಿಯದ ಹೈಕಮಿಷನರ್ ಬೆಂಗಳೂರಿಗೆ ಬಂದಿದ್ದಾರೆ. ಬೆಳಿಗ್ಗೆ, ಇಲ್ಲೇ ಓದುವ ನೈಜೀರಿಯಾದ ಹುಡುಗ ನನ್ನ ಜೆರಾಕ್ಸ್ ಅಂಗಡಿಗೆ ಬಂದ. ಪಾಸ್‌ಪೋರ್ಟ್, ವೀಸಾ, ಬಾಡಿಗೆ ಕರಾರು, ಎಲ್ಲ ಎರಡೆರಡು ಜೆರಾಕ್ಸ್. ಕರಾರಿನಲ್ಲಿ ಬಾಡಿಗೆ 18,000. ಅದೇ ಬಿಲ್ಡಿಂಗಿನಲ್ಲಿ ನಮ್ಮವರು ಕೊಡುವುದು 10,000. ಸದಾ ನಿಂತು ಫುಟ್‌ಬಾಲ್ ಮಾತಾಡುವವನು ಇವತ್ತು ರಸ್ತೆ ಕಡೆಯೇ ನೋಡುತ್ತಿದ್ದ. "ಕತ್ತಲಾಗೋ ಮುಂಚೆ ರೂಮ್ ಸೇರ್ಕೋತೀವಿ ಅಂಕಲ್" ಎಂದ.

ಕಳೆದ ಅಕ್ಟೋಬರಿನಲ್ಲಷ್ಟೇ ಆಫ್ರಿಕಾದ 41 ದೇಶಗಳ ನಾಯಕರನ್ನು ದೆಹಲಿಗೆ ಕರೆಸಿ, 5 ವರ್ಷದಲ್ಲಿ 50,000 ವಿದ್ಯಾರ್ಥಿವೇತನ ಕೊಡುತ್ತೇವೆಂದು ಮಾತು ಕೊಟ್ಟೆವು. ಕರೆದವರು ನಾವು. ಕಾಯಬೇಕಾದವರೂ ನಾವೇ.

ಮೇ 27

ದೆಹಲಿಯ ವಸಂತ್ ಕುಂಜ್‌ನಲ್ಲಿ ಆಟೊ ವಿಷಯಕ್ಕೆ ಜಗಳ ತೆಗೆದು ಕಾಂಗೋದ ಯುವಕನನ್ನು ಹೊಡೆದು ಕೊಂದರು. ಸುರಕ್ಷತೆಯ ಖಾತರಿ ಸಿಗುವವರೆಗೆ ಹೊಸ ವಿದ್ಯಾರ್ಥಿಗಳನ್ನು ಭಾರತಕ್ಕೆ ಕಳಿಸಬೇಡಿ ಎಂದು ಸ್ವದೇಶಕ್ಕೆ ಬರೆಯಬೇಕಾದೀತು ಎಂದು ಆಫ್ರಿಕಾದ ರಾಯಭಾರಿಗಳು ಒಟ್ಟಾಗಿ ಹೇಳಿದ್ದಾರೆ. ಭದ್ರತಾ ಮಂಡಳಿಯ ಕಾಯಂ ಸ್ಥಾನಕ್ಕೆ ನಾವು ಬೆಂಬಲ ಕೇಳುವುದು ಇದೇ ದೇಶಗಳನ್ನು!

ಅತ್ತ ಕಾಂಗೋದ ಕಿನ್ಶಾಸಾದಲ್ಲಿ ಭಾರತೀಯರ ಅಂಗಡಿಗಳಿಗೆ ಕಲ್ಲು ಬಿದ್ದಿದೆ. ಓದಿ ಹೊಟ್ಟೆ ಉರಿಯಿತು. ಅಂಗಡಿ ಇಟ್ಟುಕೊಂಡವನಿಗೆ ಮುರಿದ ಷಟರ್ ಎಂದರೆ ಏನೆಂದು ಗೊತ್ತು. ಅಲ್ಲಿನ ವ್ಯಾಪಾರಿಗೆ ವಸಂತ್ ಕುಂಜ್ ಕೊಲೆಯಲ್ಲಿ ಯಾವ ಪಾಲೂ ಇಲ್ಲ, ಟಾಂಜಾನಿಯದ ಹುಡುಗಿಗೆ ಇಲ್ಲಿನ ಅಪಘಾತದಲ್ಲಿ ಇಲ್ಲದಿದ್ದ ಹಾಗೆ. ನಾವು ಹಾಕಿದ ಲೆಕ್ಕವನ್ನೇ ಅವರು ನಮ್ಮವರ ಮೇಲೆ ಹಾಕಿದರು.

ಜುಲೈ 11

ಪ್ರಧಾನಿ ನಿನ್ನೆ ಟಾಂಜಾನಿಯದ ದಾರ್-ಎಸ್-ಸಲಾಂನಲ್ಲಿದ್ದರು. ಅಧ್ಯಕ್ಷ ಮಾಗುಫುಲಿ ಜೊತೆ ಡೋಲು ಬಾರಿಸಿದರು. ಜಾಂಜಿಬಾರಿನ ನೀರಿನ ಯೋಜನೆಗೆ 9.2 ಕೋಟಿ ಡಾಲರ್ ಸಾಲ. ಬೇಕಾದದ್ದೇ. ಆದರೆ ಅಲ್ಲಿನ ತಾಯಂದಿರು ಭಾರತವನ್ನು ಅಳೆಯುವುದು ಸಾಲದಿಂದಲ್ಲ, ಮಗ ರಾತ್ರಿ ಮಾಡುವ ಫೋನಿನಿಂದ.

ನೈಜೀರಿಯಾದ ಹುಡುಗನ ತಮ್ಮನಿಗೂ ಇಲ್ಲಿ ಸೀಟು ಸಿಕ್ಕಿದೆ, ರೂಮ್ ಬೇಕಂತೆ. ಹಿಂದಿನ ಕ್ರಾಸಿನ ಓನರ್‌ಗೆ ಫೋನ್ ಮಾಡಿದೆ. "ಆಫ್ರಿಕಾದವರಾ? ಬೇಡ ಬಿಡಿ ಸಾರ್" ಎಂದರು. ಆ ಹುಡುಗ ಬಾಡಿಗೆ ತಪ್ಪಿಸಿದವನಲ್ಲ ಎಂದು ವಾದಿಸಿದೆ, ಕೇಳಲಿಲ್ಲ. ನಾಳೆ ಬ್ಯಾಂಕಿನ ಮೇಲಿನ ಮನೆಯವರನ್ನು ಕೇಳಬೇಕು. ಕರಾರಿಗೆ ಸಾಕ್ಷಿ ಬೇಕೆಂದರೆ ನಾನೇ ಸಹಿ ಹಾಕುತ್ತೇನೆ.